ಬಾದಾಮಿ ಪ್ರವಾಸ: ನನ್ನ ಖರ್ಚಿನ ಪುಸ್ತಕದ ಲೆಕ್ಕ

ಪ್ರವಾಸ ಹೋದಾಗ ಖರ್ಚು ಬರೆದಿಡುವ ಚಾಳಿ ನನಗೆ ಅಪ್ಪನಿಂದ ಬಂದದ್ದು. ಒಂದು ಚಹಾ ಕುಡಿದರೂ ಬರೆಯುತ್ತೇನೆ. ಮನೆಯಲ್ಲಿ ನಗುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಹೆಂಡತಿ ಆ ಪುಸ್ತಕ ತಿರುವಿ ಹಾಕುತ್ತಾ ಕೇಳಿದಳು: "ಇದರಲ್ಲಿ ಆ ಊರಿನವರ ಕೈಗೆ ಹೋಗಿದ್ದು ಎಷ್ಟು?"

ನನಗೆ ಅಂಥ ಲೆಕ್ಕ ಹೊಳೆದಿರಲೇ ಇಲ್ಲ. ಪೆನ್ನು ಹಿಡಿದು ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋದೆ. ಮನೆಗೆ ಬಂದ ಮೇಲೆ ಎಂಟು ವರ್ಷದ ಹಿಂದಿನ ಪುಸ್ತಕವನ್ನೂ ಹುಡುಕಿ ತೆಗೆದೆ. ಆಗಲೂ ಇವೇ ಮೂರು ಜಾಗ ನೋಡಿದ್ದೆವು, ಆದರೆ ಒಂದೇ ದಿನದಲ್ಲಿ. ಹುಬ್ಬಳ್ಳಿಯಲ್ಲಿ ಮದುವೆ ಮುಗಿಸಿ, ಅಲ್ಲೇ ಕಾರು ಬಾಡಿಗೆಗೆ ಹಿಡಿದು, ಮದುವೆ ಮನೆಯ ಚಿತ್ರಾನ್ನ ಡಬ್ಬಿಗೆ ಹಾಕಿಸಿಕೊಂಡು ಹೋಗಿದ್ದೆವು. ಕತ್ತಲಾಗುವಷ್ಟರಲ್ಲಿ ಮತ್ತೆ ಹುಬ್ಬಳ್ಳಿ. ಇಡೀ ದಿನದಲ್ಲಿ ಆ ಮೂರು ಊರುಗಳಲ್ಲಿ ಬಿಟ್ಟು ಬಂದಿದ್ದು ನಾಲ್ಕು ಎಳನೀರು ಮತ್ತು ಪಾರ್ಕಿಂಗ್ ದುಡ್ಡು. ಖಾಲಿ ನೀರಿನ ಬಾಟಲಿಗಳನ್ನೂ ಬಿಟ್ಟು ಬಂದಿರಬೇಕು, ಅದನ್ನು ಬರೆದಿಟ್ಟಿಲ್ಲ.

ಅದಕ್ಕೇ ಹೋಗುವವರಿಗೆ ಮೊದಲು ಹೇಳುವುದು: ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ಊರಿಗೆ ಉಪಕಾರ ಮಾಡಿ ಅಂತಲ್ಲ. ಒಂದೇ ದಿನದಲ್ಲಿ ಮೂರೂ ನೋಡಿದರೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತವೆ. ಬೆಂಗಳೂರಿನಿಂದ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬಾದಾಮಿ. ಸ್ಟೇಷನ್ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ, ಆಟೋ ಸಿಗುತ್ತವೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಕೆಂಪು ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ.

ಗುಹೆಗಳಿಗೆ ಬೆಳಗ್ಗೆಯೇ ಹೋಗಿ. ಹತ್ತು ಗಂಟೆ ಆಯಿತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ. ಗುರುತಿನ ಚೀಟಿ ಇರುವ ಗೈಡ್ ಒಬ್ಬರನ್ನು ಕರೆದುಕೊಳ್ಳಿ, ರೇಟು ಮೊದಲೇ ಮಾತಾಡಿಕೊಳ್ಳಿ. ನಮ್ಮ ಗೈಡ್ ಇಲ್ಲದಿದ್ದರೆ ಮೂರನೇ ಗುಹೆಯ ಹತ್ತಿರ ಇರುವ ಸಣ್ಣ ಕನ್ನಡ ಶಾಸನವನ್ನು ನಾನು ನೋಡುತ್ತಲೇ ಇರಲಿಲ್ಲ. ಗುಹೆ ಕೊರೆಸಿದವನು ಚಾಲುಕ್ಯರ ಮಂಗಲೇಶ, ಕ್ರಿ.ಶ. 578ರಲ್ಲಿ. ಆ ಶಾಸನದಲ್ಲಿ ಗುಹೆಗೆ 'ಕಲ್ಮನೆ' ಎಂಬ ಹೆಸರಿದೆ. ಎಷ್ಟು ಚೆಂದದ ಮಾತು ಅಲ್ವಾ? ಲಂಜಿಗೇಸರ ಎಂಬ ಊರನ್ನು ಈ ಕಲ್ಮನೆಗೆ ಬಿಟ್ಟುಕೊಟ್ಟದ್ದನ್ನೂ, ದೇವರಿಗೆ ಹೂಮಾಲೆ ಕಟ್ಟುವವರಿಗೆ ಪಾಲು ಇಟ್ಟದ್ದನ್ನೂ ಅಲ್ಲಿ ಕೊರೆದಿದ್ದಾರೆ. ಹೂ ಕಟ್ಟುವವರ ಪಾಲನ್ನೂ ಮರೆಯದೆ ಕಲ್ಲಿಗೆ ಹಾಕಿಸಿದ್ದ ರಾಜ!

ಈಗಿನ ಲೆಕ್ಕ ಬೇರೆ. ನಾವು ಹೋದಾಗ ಗುಹೆಗಳಿಗೆ ತಲಾ 25, ಪಟ್ಟದಕಲ್ಲಿಗೆ 40 ರೂಪಾಯಿ ಟಿಕೆಟ್. ಆನ್‌ಲೈನ್‌ನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಈ ದುಡ್ಡು ಪುರಾತತ್ವ ಇಲಾಖೆಯ ಮೂಲಕ ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ಒಳಗಿನ ಹುಲ್ಲುಹಾಸು, ಕಾವಲು, ದುರಸ್ತಿ ಎಲ್ಲ ಇಲಾಖೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಗೇಟಿನ ಹೊರಗಿನ ಕಸ, ಚರಂಡಿ, ಬಸ್ಸಿನ ಧೂಳು ಊರಿನ ಪಾಲಿಗೇ ಉಳಿಯುತ್ತವೆ.

ಗೈಡ್ ಕೆಲಸ ವರ್ಷವಿಡೀ ಇರುತ್ತದಾ ಎಂದು ಕೇಳಿದೆ. ಅವರು ನಕ್ಕರು. "ಎಲ್ಲಿದ್ರೀ ಸರ, ಶಿವರಾತ್ರಿ ಆತಂದ್ರ ಮುಗೀತ್ರಿ. ಆಮ್ಯಾಲ ಹೊಲಾನ ಗತಿ." ನಾಲ್ಕೈದು ತಿಂಗಳ ದುಡಿಮೆಯಲ್ಲಿ ವರ್ಷ ತಳ್ಳಬೇಕು. ಹಾಗಾಗಿ ಸೀಸನ್‌ನಲ್ಲಿ ರೇಟು ಸ್ವಲ್ಪ ಜಾಸ್ತಿ ಅನ್ನಿಸಿದರೂ ನಾನು ಚೌಕಾಸಿ ಮಾಡಲಿಲ್ಲ.

ಮಂಗಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ನಾನೂ ಹೇಳುತ್ತೇನೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಬೇಡಿ. ಆದರೆ ನಮ್ಮ ಚೀಲ ಹೋದರೆ ಹತ್ತು ರೂಪಾಯಿ ಬಿಸ್ಕತ್ತು ಹೋಯಿತು, ಅಷ್ಟೆ. ಕೆರೆಯ ಹತ್ತಿರದ ಓಣಿಯಲ್ಲಿ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದ ಒಬ್ಬ ತಾಯಿ ಕೋಲು ಹಿಡಿದೇ ಕೂತಿದ್ದರು. ಪ್ರವಾಸಿಗರು ತಿನ್ನಿಸಿ ತಿನ್ನಿಸಿ ರೂಢಿ ಮಾಡಿಸಿದ್ದಾರೆ, ಬಸ್ಸು ಹೋದ ಮೇಲೆ ಅವು ಮನೆಗಳಿಗೆ ನುಗ್ಗುತ್ತವೆ ಎಂದರು. ಬಿಸ್ಕತ್ತು ಕೊಡುವವರು ಈ ಓಣಿಗೆ ಬಂದು ಒಂದು ಗಂಟೆ ಕೂರಲಿ.

ಆ ಕೆರೆಯೇ ಅಗಸ್ತ್ಯ ತೀರ್ಥ. ಅದರ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಒಗೆಯುವ ಸದ್ದು ಬಂಡೆಗೆ ಬಡಿದು ವಾಪಸ್ ಬರುತ್ತದೆ, ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಲೆನ್ಸ್ ಹಿಡಿದ ಒಬ್ಬ ಮಹಾಶಯ ಸೀರೆ ಎತ್ತಿ ಕಟ್ಟಿ ನಿಂತಿದ್ದವರ ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದ. ಒಂದು ಮಾತು ಕೇಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ನಮ್ಮ ಮನೆ ಬಚ್ಚಲ ಮುಂದೆ ಯಾರಾದರೂ ಹೀಗೆ ನಿಂತರೆ ಸುಮ್ನೆ ಬಿಡ್ತೀವಾ?

ಎರಡನೇ ದಿನ ಬಾದಾಮಿಯದೇ ಕಾರು ಹಿಡಿದು ಪಟ್ಟದಕಲ್ಲು, ಐಹೊಳೆ, ಗುಳೇದಗುಡ್ಡ ಸುತ್ತಿ ಬಂದೆವು. ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ವಿರೂಪಾಕ್ಷ ದೇವಸ್ಥಾನದಲ್ಲಿ ಈಗಲೂ ಪೂಜೆ ನಡೆಯುತ್ತದೆ. ಪಕ್ಕದಲ್ಲೇ ಮಲಪ್ರಭೆ. ಆಗಸ್ಟ್ 2019ರಲ್ಲಿ ಇದೇ ಹೊಳೆ ಉಕ್ಕಿ ಗುಡಿಗಳ ಆವರಣಕ್ಕೆ ನೀರು ನುಗ್ಗಿತ್ತು. ಜೋರು ಮಳೆಗಾಲದಲ್ಲಿ ಹೋಗುವುದಾದರೆ ಹೊಳೆಯ ಸ್ಥಿತಿ ಕೇಳಿಕೊಂಡು ಹೊರಡಿ. ಜನ ಇಲ್ಲಿ ಗಂಟೆ, ಒಂದೂವರೆ ಗಂಟೆ ಇದ್ದು ಹೊರಟುಬಿಡುತ್ತಾರೆ. ಎಳನೀರಿನ ಅಂಗಡಿಯವನಿಗೆ ವ್ಯಾಪಾರ ಆಗುತ್ತದೆ, ಅದರಾಚೆಗೆ ಊರಿಗೆ ಏನೂ ದಾಟುವುದಿಲ್ಲ.

ಐಹೊಳೆಯಲ್ಲಿ ನಿಧಾನ ಮಾಡಿ. ದುರ್ಗ ಗುಡಿಯ ಮುಂದೆ ಸೆಲ್ಫಿ ತೆಗೆದು ಹೊರಡಬೇಡಿ. ಮೇಗುಟಿ ಗುಡ್ಡ ಹತ್ತಿ, ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಅಲ್ಲಿದೆ. ಅಲ್ಲಿಂದ ಇಡೀ ಊರು ಕಾಣುತ್ತದೆ. ಗುಡಿ ಯಾವುದು, ಮನೆ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಲಾಡಖಾನ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ವಾಸವಿದ್ದ ಮನುಷ್ಯನಿಂದ. ಈಗ ಹಾಗಿಲ್ಲ. 2010ರ ಕಾಯ್ದೆ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ನಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಹೆಜ್ಜೆಗೊಂದು ಗುಡಿ ಇರುವ ಊರಿನಲ್ಲಿ ಈ ಅಳತೆ ಹಿಡಿದರೆ ಉಳಿಯುವ ಜಾಗ ಎಷ್ಟು? ಚಹಾ ಅಂಗಡಿಯ ಹಿರಿಯರೊಬ್ಬರು ಹೇಳಿದರು: ಮಗನ ಮದುವೆಗೆ ಒಂದು ಕೋಣೆ ಹಾಕಿಸಬೇಕೆಂದರೂ ಆಗಲಿಲ್ಲ, ಊರನ್ನೇ ಬೇರೆ ಕಡೆ ಸಾಗಿಸುವ ಮಾತು ಕೇಳಿ ಕೇಳಿ ಸಾಕಾಗಿದೆ. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಒಂದು ಗಂಟೆ ನೋಡುವ ಚೆಂದಕ್ಕೆ ಅವರು ವರ್ಷಗಟ್ಟಲೆ ಬೆಲೆ ತೆರುತ್ತಿದ್ದಾರೆ ಎಂಬುದು ಆ ಚಹಾ ಕುಡಿಯುವಾಗ ನನಗೆ ಗೊತ್ತಾಯಿತು.

ಮಕ್ಕಳು "ಪೆನ್ ಕೊಡ್ರಿ" ಎಂದು ಹಿಂದೆ ಬಂದರೆ ಕೊಡಬೇಡಿ. ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ನಾವು ಹೋದದ್ದು ಮಂಗಳವಾರ, ಶಾಲೆಯ ಹೊತ್ತು.

ಸೀರೆ ಕೊಳ್ಳುವ ವಿಷಯದಲ್ಲಿ ನಾನು ಮೋಸ ಹೋದೆ. ಮೊದಲ ದಿನ ಆಟೋದವನು "ಒಳ್ಳೆ ಇಳಕಲ್ ಸೀರಿ ಸಿಗ್ತಾವ್ರಿ" ಎಂದು ಒಂದು ಅಂಗಡಿಗೆ ಕರೆದುಕೊಂಡು ಹೋದ. ತಂದ ಸೀರೆ ಮಗ್ಗದ್ದಲ್ಲ, ಮಿಷಿನ್‌ದು ಎಂದು ಮಾರನೇ ದಿನ ಗುಳೇದಗುಡ್ಡದ ನೇಕಾರರೊಬ್ಬರು ಸೆರಗು ಮುಟ್ಟಿ ನೋಡಿಯೇ ಹೇಳಿದರು. ಆಟೋದವನಿಗೆ ಕಮಿಷನ್ ಹೋಗಿರುತ್ತದೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಸೆರಗಿನ ಎಳೆ, ಮೈಯ ಎಳೆ ಬೇರೆ ಬೇರೆ ಇದ್ದು, ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆ ತೋರಿಸಿ ಎಂದು ಕೇಳಿ.

ಗುಳೇದಗುಡ್ಡಕ್ಕೆ ಪ್ರವಾಸಿಗರು ಬರುವುದೇ ಅಪರೂಪ. ಗುಡಿ ನೋಡಲು ಬಂದವರು ಪಕ್ಕದಿಂದ ಹಾದು ಹೋಗುತ್ತಾರೆ. ಉತ್ತರ ಕರ್ನಾಟಕದ ಕಡೆ ಕುಪ್ಪಸಕ್ಕೆ ಬಳಸುವ ಖಣ ಇಲ್ಲಿಯದೇ. ಓಣಿಯಲ್ಲಿ ನಡೆದರೆ ಮಗ್ಗದ ಟಕಟಕ ಕೇಳಿಸುತ್ತದೆ. ಬಾಗಿಲಲ್ಲಿ ನಿಂತು ಕೇಳಿದರೆ ಒಳಗೆ ಕರೆದು ತೋರಿಸುತ್ತಾರೆ. ನನ್ನ ಮಗಳು ಅರ್ಧ ಗಂಟೆ ಮಗ್ಗದ ಪಕ್ಕ ಕೂತಿದ್ದಳು, ಗುಹೆಯಲ್ಲಿ ಅಷ್ಟು ಹೊತ್ತು ನಿಂತಿರಲಿಲ್ಲ. ಅಲ್ಲೇ ಆರು ಖಣ ತೆಗೆದುಕೊಂಡೆವು. ರೈಲಿನಲ್ಲಿ ಲೆಕ್ಕ ಹಾಕಿದಾಗ ಪೂರ್ತಿ ಹಣ ದುಡಿದವರ ಕೈಗೇ ಹೋದ ದೊಡ್ಡ ಸಾಲು ಅದೊಂದೇ.

ಮೂರನೇ ದಿನಕ್ಕೆ ಬಾದಾಮಿಯ ಮ್ಯೂಸಿಯಂ ಇಟ್ಟುಕೊಳ್ಳಿ, ಆದರೆ ಶುಕ್ರವಾರ ಅದಕ್ಕೆ ರಜೆ. ನಂತರ ಬನಶಂಕರಿ ದೇವಿಯ ಗುಡಿ, ಐದು ಕಿಲೋಮೀಟರ್. ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ಜಾತ್ರೆ ಶುರುವಾಗುತ್ತದೆ, ನಾಟಕ ಕಂಪನಿಗಳು ಬಂದು ಬೀಡು ಬಿಡುತ್ತವೆ. ಆಗ ರೂಮು ಸಿಗುವುದು ಕಷ್ಟ, ಮೊದಲೇ ಬುಕ್ ಮಾಡಿ. ಬೇರೆ ದಿನಗಳಲ್ಲಿ ಹೋದರೂ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ಗುಡಿಯ ಹತ್ತಿರ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಕರೆಯುತ್ತಾರೆ. ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು, ಎಲ್ಲ ಮನೆಯಲ್ಲಿ ಮಾಡಿ ತಂದದ್ದು. ನಾವು ನಾಲ್ವರೂ ಮರದ ಕೆಳಗೆ ಕೂತು ಉಂಡೆವು. ಹೋಟೆಲಿನ ನೂರೆಂಟು ಊಟ ಇದರ ಮುಂದೆ ಸಪ್ಪೆ.

ಊಟ ಬಡಿಸಿದ ಅಜ್ಜಿಗೆ ದುಡ್ಡು ಕೊಟ್ಟು, ಅಭ್ಯಾಸದಂತೆ ಪುಸ್ತಕ ತೆಗೆದೆ.

"ಏನ್ ಬರಿಯಾಕತ್ತೀಯೋ ಯಪ್ಪಾ?"

"ಖರ್ಚು ಅಜ್ಜಿ. ಎಲ್ಲಿ ಎಷ್ಟು ಆಯ್ತು ಅಂತ."

"ಹಂಗಾರ ಸರಿಯಾಗಿ ಬರಿ. ಮೊಸರಿನ ರೊಕ್ಕಾ ಇನ್ನೂ ಕೊಟ್ಟಿಲ್ಲ ನೀ."