ಆರನೇ ಖಂಡ ಸಿಕ್ಕ ಸಂಜೆ

ಆರು ಖಂಡಗಳ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ ಜೊತೆ ರೇಡಿಯೋದಲ್ಲಿ ಮಾತಾಡಿ, ಮಾತಾಡಿದ್ದು ನಿಜ ಅಂತ ಅವರು ಕಳಿಸಿದ ಕ್ಯೂಎಸ್‌ಎಲ್ ಕಾರ್ಡು ತೋರಿಸಿದರೆ ಒಂದು ಪ್ರಶಸ್ತಿ ಸಿಗುತ್ತದೆ. ಹೆಸರು ವರ್ಕ್ಡ್ ಆಲ್ ಕಾಂಟಿನೆಂಟ್ಸ್. ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಆರ್‌ಯು ಕೊಡುವಂಥದ್ದು. ಈಗಿನ ರೇಡಿಯೋ ಸೆಟ್ಟು, ಒಂದು ಕಂಪ್ಯೂಟರ್ ಇದ್ದರೆ ಎಫ್‌ಟಿ8ನಲ್ಲಿ, ಅಂದರೆ ಕಂಪ್ಯೂಟರೇ ಚಿಕ್ಕ ಸಂದೇಶ ಕಳಿಸಿ ಓದುವ ಪದ್ಧತಿಯಲ್ಲಿ, ಬೇಗ ಮುಗಿಯುತ್ತದೆ. ನನಗೆ ಮಾತ್ರ ಅದು ಎಎಂನಲ್ಲೇ ಬೇಕಿತ್ತು, ದನಿಗೆ ತಕ್ಕಂತೆ ಅಲೆಯ ಬಲ ಏರಿಳಿಸುವ ಹಳೇ ಪದ್ಧತಿಯಲ್ಲಿ. ಅದೂ ವಾಲ್ವ್ ಸೆಟ್ಟಿನಲ್ಲಿ, ಕಲಬುರಗಿಯ ನಮ್ಮ ಮಾಳಿಗೆ ಮೇಲೆ ಕಟ್ಟಿದ ತಂತಿಯಿಂದ.

ಸೆಟ್ಟು ಕೊಟ್ಟವರು ಬ್ರಹ್ಮಪುರದ ಕಾಕಾ. ರಕ್ತಸಂಬಂಧ ಏನಿಲ್ಲ. ನನಗೆ ಮೋರ್ಸ್ ಕಲಿಸಿ, ಪರೀಕ್ಷೆಗೆ ಕೂಡಿಸಿ, ವಿಯು2 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ಹ್ಯಾಮ್‌ನ ಗುರುತಿನ ಹೆಸರು, ಕೈಗೆ ಬರುವ ತನಕ ಬೆನ್ನು ಬಿಡದವರು. ತಮ್ಮ ಹರೆಯದಲ್ಲಿ ಕೈಯಾರೆ ಕಟ್ಟಿದ ಟ್ರಾನ್ಸ್‌ಮಿಟರ್ ಅದು. ಕೊನೆಯ ಹಂತದಲ್ಲಿ ಒಂದು 807 ವಾಲ್ವ್, ಅದಕ್ಕೆ ಮಾತು ಬೆರೆಸಲು (ಅದೇ ಮಾಡ್ಯುಲೇಶನ್) ಎರಡು 6ಎಲ್6 ವಾಲ್ವ್. ಸ್ವಿಚ್ ಹಾಕಿ ಸ್ವಲ್ಪ ಕಾದರೆ ಫಿಲಮೆಂಟ್ ಕೆಂಪಗಾಗುತ್ತದೆ. ಆಮೇಲೆ ಮೈಕ್ ಹಿಡಿದು ಮಾತಾಡಿದರೆ ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್ ಒಳಗಿಂದಲೂ ನನ್ನ ಮಾತು ಸಣ್ಣಗೆ ಕೇಳುತ್ತದೆ. ಒಳಗಿನ ತಗಡುಗಳು ನನ್ನ ದನಿಗೆ ನಡುಗುತ್ತವೆ. ಮೊದಲ ಸಲ ಕೇಳಿದಾಗ ಮೈಮೇಲೆ ಮುಳ್ಳೆದ್ದಿದ್ದವು.

ಎಎಂ ಅಂದರೆ ದುಂದು ಅನ್ನುವವರು ಜಾಸ್ತಿ. ಲೆಕ್ಕ ಹಾಕಿದರೆ ಅವರು ಹೇಳುವುದು ಸರಿಯೇ. ಪೂರ್ತಿ ಮಾಡ್ಯುಲೇಶನ್ ಕೊಟ್ಟಾಗಲೂ ಶಕ್ತಿಯ ಮೂರರಲ್ಲಿ ಎರಡು ಪಾಲು ಕ್ಯಾರಿಯರ್‌ಗೇ, ಅಂದರೆ ಮಾತನ್ನು ಹೊರುವ ಮೂಲ ಅಲೆಗೇ, ಹೋಗುತ್ತದೆ, ಅದರಲ್ಲಿ ಮಾತೇ ಇಲ್ಲ. ಉಳಿದದ್ದು ಅದರ ಆಚೀಚೆ ಇರುವ ಎರಡು ಸೈಡ್‌ಬ್ಯಾಂಡ್‌ಗಳಿಗೆ ಸಮ ಹಂಚಿಕೆ, ಎರಡರಲ್ಲೂ ಅದೇ ಮಾತು. ಎಸ್‌ಎಸ್‌ಬಿ ಅನ್ನುವ ಪದ್ಧತಿಯಲ್ಲಿ ಒಂದು ಸೈಡ್‌ಬ್ಯಾಂಡ್ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆದುಬಿಡುತ್ತಾರೆ. ಆದರೆ ಕ್ಯಾರಿಯರ್ ಇರುವುದರಿಂದಲೇ ಎಎಂಗೆ ಒಂದು ಗುಣ ಇದೆ. ಆ ಕಡೆಯವರು ಮೈಕ್ ಒತ್ತಿದ ಕೂಡಲೇ ರಿಸೀವರಿನ ಸರಸರ ಸದ್ದು ಇಳಿದುಬಿಡುತ್ತದೆ. ಬಾಯಿ ತೆರೆಯುವ ಮೊದಲೇ ಯಾರೋ ಬಂದರು ಅಂತ ಗೊತ್ತಾಗುತ್ತದೆ. ಆಮೇಲೆ ಬರುವ ದನಿ ತುಂಬಿದ ದನಿ. ಅದು ಈ ಮನುಷ್ಯನದೇ ಅಂತ ಗುರುತು ಸಿಗುತ್ತದೆ.

ನಮ್ಮ ಸೆಟ್ಟಿಗೆ ಇನ್ನೊಂದು ಕಟ್ಟುಪಾಡು ಇದೆ. ಅದು ಕ್ರಿಸ್ಟಲ್ ಮೇಲೆ, ಅಂದರೆ ಒಂದೇ ಆವರ್ತನ ಕೊಡುವ ಹರಳಿನ ಮೇಲೆ, ನಡೆಯುತ್ತದೆ. 7260 ಕಿಲೋಹರ್ಟ್ಸ್ ಕ್ರಿಸ್ಟಲ್, ಸೆಟ್ಟು ಅದನ್ನು ನಾಲ್ಕು ಪಟ್ಟು ಮಾಡಿ 29,040ರಲ್ಲಿ ಕಳಿಸುತ್ತದೆ. ಹತ್ತು ಮೀಟರ್ ಬ್ಯಾಂಡಿನಲ್ಲಿ ಎಎಂ ಮಂದಿ ಸೇರುವುದು 29.0ರಿಂದ 29.2 ಮೆಗಾಹರ್ಟ್ಸ್ ನಡುವೆ, ಹಾಗಾಗಿ ಜಾಗ ಸರಿಯಾಗಿದೆ. ಆದರೆ ಅಲ್ಲಿಂದ ಆಚೀಚೆ ಸರಿಯುವ ಹಾಗಿಲ್ಲ. ನಾವು ಯಾರ ಹತ್ತಿರವೂ ಹೋಗಲಾಗದು, ಅವರೇ ನಮ್ಮ ಹತ್ತಿರ ಬರಬೇಕು. ಬಂದವರು ತಮ್ಮ ಸೆಟ್ಟನ್ನು ಎಎಂಗೆ ತಿರುಗಿಸಬೇಕು. ಅಷ್ಟು ಮನಸ್ಸು ಮಾಡಿದವರಿಂದಲೇ ನನ್ನ ಐದು ಖಂಡಗಳು ತುಂಬಿದ್ದವು. ಉಳಿದಿದ್ದು ದಕ್ಷಿಣ ಅಮೆರಿಕ.

2024ರ ಅಕ್ಟೋಬರ್‌ನಲ್ಲಿ ನಾಸಾದವರು ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದ ಗರಿಷ್ಠ ಹಂತಕ್ಕೆ ಬಂದಿದ್ದಾನೆ ಅಂದರು. ಸೂರ್ಯ ಜೋರಾಗಿದ್ದರೆ ಹತ್ತು ಮೀಟರ್ ಬ್ಯಾಂಡು ದೂರದ ದೇಶಗಳಿಗೆ ತೆರೆಯುತ್ತದೆ. ಬಿಟ್ಟರೆ ಮತ್ತೆ ಎಷ್ಟೋ ವರ್ಷ ಕಾಯಬೇಕಲ್ವಾ? ಎರಡು ಬಿದಿರು ಗಳ ನಿಲ್ಲಿಸಿ ಐದು ಮೀಟರಿಗೆ ಒಂದಿಷ್ಟು ಕಡಿಮೆ ಉದ್ದದ ಡೈಪೋಲ್ ಆಂಟೆನಾ ಕಟ್ಟಿದೆ. ಅಗಲದ ಮುಖ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿಸಿ. ಬ್ರೆಜಿಲ್ ದಿಕ್ಕು ಅದು. ನಡುವೆ ಇಡೀ ಆಫ್ರಿಕಾ.

ದೀಪಾವಳಿ ಆದಮೇಲಿನ ಒಂದು ಭಾನುವಾರ. ಕಾಕಾ ಸುಸಲಾ, ಮಿರ್ಚಿ ಕಟ್ಟಿಸಿಕೊಂಡೇ ಬಂದರು. ಎಲ್‌ಇಡಿ ಬಲ್ಬು, ಇನ್ವರ್ಟರ್, ಟಿವಿ ಪೆಟ್ಟಿಗೆ ಎಲ್ಲ ಆರಿಸಿದೆ, ಅವುಗಳ ಗದ್ದಲ ರಿಸೀವರಿಗೆ ಸೇರುತ್ತದೆ. "ಅಡಗಿಮನಿದೂ ಆರಿಸ್ಲೇನ್ರಿ?" ಅಂತ ಕೇಳಿ ನನ್ನ ಹೆಂಡತಿ ಆ ಬಲ್ಬನ್ನೂ ಆರಿಸಿದಳು. ಹೊತ್ತು ಮುಳುಗುತ್ತಿತ್ತು. ಬ್ರೆಜಿಲ್‌ನಲ್ಲಿ ಆಗ ಬೆಳಗಿನ ಒಂಬತ್ತರ ಸುಮಾರು.

ಕರೆದೆ. ಕೇಳಿದೆ. ಮತ್ತೆ ಕರೆದೆ. ಇಟಲಿಯವರೊಬ್ಬರು ಬಂದು ಮಾತಾಡಿ ಹೋದರು. ಮತ್ತೆ ಬರೀ ಸರಸರ. ಆಮೇಲೆ ಒಮ್ಮೆ ಸದ್ದು ಇಳಿಯಿತು. ದನಿ ಬಂತು, ಬಂದಿದ್ದೇ ಹರಿದುಹೋಯಿತು. ಕ್ಯಾರಿಯರ್ ಒಂದೇ ಕುಗ್ಗಿ ಸೈಡ್‌ಬ್ಯಾಂಡ್ ಉಳಿದಾಗ ಎಎಂ ಮಾತು ಹೀಗೆ ಕಿತ್ತುಹೋಗುತ್ತದೆ. ಕಿವಿಗೆ ಬಿದ್ದಿದ್ದು "ಪಾಪಾ ಯಾಂಕಿ ಟೂ" ಅಷ್ಟೇ. ಪಿವೈ2 ಅಂದರೆ ಬ್ರೆಜಿಲ್‌ನ ಸಾವೊ ಪಾಲೊ! ನನ್ನ ಕೈ ನಡುಗುತ್ತಿತ್ತು.

"ಅವಸರ ಮಾಡಬ್ಯಾಡ. ಒಂದೊಂದೇ ಅಕ್ಷರ ಬಿಡಿಸಿ ಹೇಳು," ಅಂದರು ಕಾಕಾ.

ಬಿಡಿಸಿ ಹೇಳಿದೆ. ಮುಂದಿನ ಸಲ ದನಿ ಗಟ್ಟಿಯಾಗಿ ಬಂತು. ನನ್ನ ಕಾಲ್‌ಸೈನ್ ಪೂರ್ತಿ ಹೇಳಿ, ನನ್ನ ದನಿ ಎಷ್ಟು ಸ್ಪಷ್ಟ, ಎಷ್ಟು ಜೋರು ಅನ್ನುವುದಕ್ಕೆ 55 ಅಂದರು, ನಾನು ಅವರಿಗೆ 57 ಕೊಟ್ಟೆ. ಅಲ್ಲಿಗೆ ಸಂಪರ್ಕ ಲೆಕ್ಕಕ್ಕೆ ಬಂತು. ಅವರು ಅಷ್ಟಕ್ಕೇ ಹೊರಡಬಹುದಿತ್ತು, ಹೊರಡಲಿಲ್ಲ. ಗ್ರಿಡ್, ಅಂದರೆ ಹ್ಯಾಮ್‌ಗಳು ನಕ್ಷೆಯಲ್ಲಿ ಜಾಗ ಗುರುತಿಸುವ ಚೌಕ, ಯಾವುದು ಅಂತ ಕೇಳಿದರು. ಎಂಕೆ87 ಅಂದೆ. ಕಲಬುರಗಿ, ಬೀದರ್ ಎರಡೂ ಅದೇ ಚೌಕದಲ್ಲಿವೆ. ಸೆಟ್ಟು ಯಾವುದು ಅಂದರು. ಒಂದು 807, ಕಟ್ಟಿದವರು ಪಕ್ಕದಲ್ಲೇ ಇದ್ದಾರೆ ಅಂದೆ. "ಹಾಗಾದರೆ ಅವರ ಕೈಗೆ ಮೈಕ್ ಕೊಡಿ!"

ಕಾಕಾ ಟೋಪಿ ತೆಗೆದಿಟ್ಟು ಮುಂದೆ ಕೂತರು. ತಮ್ಮ ಕಾಲ್‌ಸೈನ್ ಹೇಳಿ, ಆ ಟ್ರಾನ್ಸ್‌ಫಾರ್ಮರ್ ಸುತ್ತಿದ ಕಥೆ ಹೇಳಿದರು. ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆಯಿಂದ ನಗು ಕೇಳಿತು. ಆ ನಗುವನ್ನು ಎಸ್‌ಎಸ್‌ಬಿ ಅಷ್ಟು ಚೆನ್ನಾಗಿ ತರುತ್ತಿರಲಿಲ್ಲ, ಈ ಮಾತಿಗೆ ನಾನು ಈಗಲೂ ಬದ್ಧ.

ಕಾರ್ಡು ಬರಲು ತಿಂಗಳುಗಳೇ ಹಿಡಿದವು. ಮೋಡ್ ಅನ್ನುವ ಕಾಲಂನಲ್ಲಿ ಪೆನ್ನಿನಿಂದ ಎಎಂ ಅಂತ ಬರೆದಿದ್ದಾರೆ, ಕೆಳಗೆ ಕಾಕಾ ಅವರಿಗೂ ನಮಸ್ಕಾರ ಇದೆ. ಆರೂ ಕಾರ್ಡು ಜೋಡಿಸಿ ಅರ್ಜಿ ಕಳಿಸಿದ್ದೇನೆ.

ಈಗ ಕಾಕಾ ಯಾದಗಿರಿ ಹಿಡಿದು ಕೂತಿದ್ದಾರೆ. ಅದು ಎಂಕೆ86, ಪಕ್ಕದ ಚೌಕ. ಅಲ್ಲಿ ಅವರ ತಂಗಿಯ ಹೊಲದಲ್ಲಿ ತಂತಿ ಕಟ್ಟಿ ನಲವತ್ತು ಮೀಟರ್ ಬ್ಯಾಂಡಿನಲ್ಲಿ ಎಎಂ ಮಾತಾಡೋಣ ಅಂತಾರೆ. 7260 ಅಲ್ಲಿಗೆ ನಡೆಯುವುದಿಲ್ಲ, ಆ ಬ್ಯಾಂಡಿನಲ್ಲಿ ನಮಗೆ ಅನುಮತಿ ಇರುವುದು 7200 ಕಿಲೋಹರ್ಟ್ಸ್ ತನಕ. ಅವರ ಹಳೇ ಡಬ್ಬಿಯಲ್ಲಿ 7100ರ ಕ್ರಿಸ್ಟಲ್ ಒಂದಿದೆಯಂತೆ. ತೊಗರಿ ರಾಶಿ ಮುಗಿದ ಮೇಲೆ ಹೊರಡುತ್ತೇವೆ. ಸೆಟ್ಟಿನಲ್ಲಿ ಎಎಂ ಗುಂಡಿ ಇರುವವರು ಆಗ ಒಮ್ಮೆ 7100ಕ್ಕೆ ಬನ್ನಿ, ಕನ್ನಡದಲ್ಲೇ ಮಾತಾಡೋಣ.