ಟೆನ್ಷನ್ ತಗೋಬೇಡ ಅನ್ನೋದೊಂದ್ ಬಿಟ್ಟು ಬೇರೆ ಏನಾದ್ರೂ ಹೇಳಿ

ಬಸುರಿ ಅಂತ ಗೊತ್ತಾದ ದಿನದಿಂದ ಹೆರಿಗೆ ವಾರ್ಡಿನ ಬಾಗಿಲವರೆಗೂ ನಾನು ಅತೀ ಹೆಚ್ಚು ಸಲ ಕೇಳಿರೋ ಮಾತು ಅಂದ್ರೆ "ಟೆನ್ಷನ್ ಮಾತ್ರ ತಗೋಬೇಡಮ್ಮ". ಅದಕ್ಕೆ "ನೀನು ಟೆನ್ಷನ್ ಮಾಡ್ಕೊಂಡ್ರೆ ಮಗೂಗೂ ತಾಕತ್ತೆ" ಅಂತ ಬಾಲ ಬೇರೆ. ಅಲ್ಲಿಗೆ ಇರೋ ಟೆನ್ಷನ್ ಸಾಲ್ದು ಅಂತ ಅಯ್ಯೋ ಟೆನ್ಷನ್ ಮಾಡ್ಕೊಂಡ್ಬಿಟ್ನಲ್ಲಾ ಅನ್ನೋ ಇನ್ನೊಂದು ಟೆನ್ಷನ್. ಪಕ್ಕದ್ಮನೆ ಆಂಟಿ ಹೇಳಿದ್ರು, ಹೂವಿನವ್ರು ಹೇಳಿದ್ರು, ಒಬ್ಬ ಕ್ಯಾಬ್ ಡ್ರೈವರ್ ಕೂಡ ಹೇಳ್ದ, ಬ್ರೇಕ್ ಹಾಕೋ ರೀತಿ ಮಾತ್ರ ಸರಿ ಮಾಡ್ಕೊಳ್ಳಲಿಲ್ಲ.

ನನಗೆ ನಿಜವಾಗ್ಲೂ ತಲೆ ಕೆಟ್ಟಿದ್ದು ಐದನೇ ತಿಂಗಳಲ್ಲಿ, ಅನಾಮಲಿ ಸ್ಕ್ಯಾನ್ (ಮಗು ಅಂಗಾಂಗ ಎಲ್ಲಾ ಸರಿಯಾಗಿ ಬೆಳೀತಿದ್ಯಾ ಅಂತ ನೋಡೋದು) ಆದ್ಮೇಲೆ. ಶುಕ್ರವಾರ ಸಂಜೆ ರಿಪೋರ್ಟ್ ಕೈಗೆ ಬಂತು, ಡಾಕ್ಟರ್ ಸಿಗೋದು ಸೋಮವಾರ. ಮನೇಗ್ ಬಂದು ಓದ್ತೀನಿ, ಮಗು ಹಾರ್ಟ್ ಹತ್ರ "ಎಕೋಜೆನಿಕ್ ಫೋಕಸ್" ಅಂತ ಬರ್ದಿದಾರೆ. ಇನ್ನೇನ್ ಬೇಕು, ಗೂಗಲ್ ಇದ್ಯಲ್ಲ, ರಾತ್ರಿ ಎರಡು ಗಂಟೆವರೆಗೂ ಹೊದಿಕೆ ಒಳಗೆ ಫೋನ್ ಇಟ್ಕೊಂಡು ಓದಿದ್ದೇ ಓದಿದ್ದು, ಒಂದು ಪೇಜಲ್ಲಿ ಏನೂ ಇಲ್ಲ ಅಂತಾರೆ ಇನ್ನೊಂದ್ರಲ್ಲಿ ಕ್ರೋಮೋಸೋಮ್ ಅಂತಾರೆ, ಶನಿವಾರ ಭಾನುವಾರ ಎರಡೂ ದಿನ ಊಟ ಸೇರ್ಲಿಲ್ಲ, ನಮ್ಮನೆಯವ್ರು ಏನಾಯ್ತು ಅಂದ್ರೆ ಏನಿಲ್ಲ ಅಂದೆ. ಸೋಮವಾರ ಡಾಕ್ಟರಮ್ಮ ಎರಡೇ ನಿಮಿಷದಲ್ಲಿ ಮುಗಿಸಿದ್ರು. ಹಾರ್ಟಿನ ಸ್ನಾಯು ಒಳಗೆ ಚೂರೇ ಚೂರು ಕ್ಯಾಲ್ಸಿಯಂ, ಸ್ಕ್ಯಾನಲ್ಲಿ ಬೆಳ್ಳಗೆ ಹೊಳೆಯತ್ತೆ ಅಷ್ಟೇ, ಹಾರ್ಟ್ ಕೆಲಸಕ್ಕೇನೂ ತೊಂದ್ರೆ ಇಲ್ಲ, ಸ್ಕ್ಯಾನಲ್ಲಿ ಮಿಕ್ಕಿದ್ದೆಲ್ಲಾ ಸರಿಯಾಗಿದೆ, ಮೊದಲೇ ಮಾಡ್ಸಿದ್ದ ಬ್ಲಡ್ ಟೆಸ್ಟೂ ಚೆನ್ನಾಗಿದೆ, ಮನೇಗ್ ಹೋಗಿ ಊಟ ಮಾಡಿ ಅಂದ್ರು.

ನಾನು ಅಲ್ಲೇ ಅತ್ತುಬಿಟ್ಟೆ. ಎರಡು ದಿನ ಇಷ್ಟೊಂದು ಹೆದ್ರಿದ್ದಕ್ಕೆ ಮಗೂಗೆ ಏನಾದ್ರೂ ಆಗಿದ್ರೆ ಅಂತ! ಅವರು ನಕ್ಕು, ದಿನಾ ಬಂದು ಹೋಗೋ ಗಾಬರಿ, ಆಫೀಸ್ ಕಿರಿಕಿರಿ, ಅತ್ತೆ ಸೊಸೆ ಮುನಿಸು ಇದಕ್ಕೆಲ್ಲ ಮಗು ಜಗ್ಗಲ್ಲ ಬಿಡಿ, ಆದ್ರೆ ಎರಡು ವಾರ ಆದ್ರೂ ಬೇಜಾರು ಇಳೀದೆ ಹೋದ್ರೆ, ನಿದ್ದೆ ಪೂರ್ತಿ ಹಾಳಾದ್ರೆ, ಯಾವುದ್ರಲ್ಲೂ ಮನಸ್ಸೇ ಇಲ್ಲ ಅನ್ಸಿದ್ರೆ ಮಾತ್ರ ಮುಚ್ಚಿಟ್ಕೋಬೇಡಿ, ಬಿಪಿ ಹೇಳೋ ಥರಾನೇ ಅದನ್ನೂ ನನಗೆ ಹೇಳಿ ಅಂದ್ರು. ಒಂಬತ್ತು ತಿಂಗಳಲ್ಲಿ ಟೆನ್ಷನ್ ಬಗ್ಗೆ ಯಾರಾದ್ರೂ ಉಪಯೋಗಕ್ಕೆ ಬರೋ ಮಾತು ಹೇಳಿದ್ರು ಅಂದ್ರೆ ಅದೊಂದೇ. (ಡಾಕ್ಟರ್ ಹತ್ರ ಬಾಯಿ ಬರಲ್ಲ ಅನ್ನೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ಬೋದು, ದುಡ್ಡೇನಿಲ್ಲ. ನಮ್ಮ ಬೆಂಗಳೂರು ನಿಮ್ಹಾನ್ಸಲ್ಲಂತೂ ಬಸುರಿ ಬಾಣಂತಿಯರ ಮನಸ್ಸಿನ ತೊಂದ್ರೆಗೆ ಅಂತಾನೇ ಬೇರೆ ವಿಭಾಗ ಇದೆ.)

ಆಫೀಸ್ ಮಾನ್ಯತಾ ಟೆಕ್ ಪಾರ್ಕಲ್ಲಿ, ವಾರಕ್ಕೆ ಮೂರು ದಿನ ಹೋಗ್ಲೇಬೇಕು. ಹೆಬ್ಬಾಳ ಫ್ಲೈಓವರ್ ಮೇಲೆ ಗಾಡಿ ನಿಂತಾಗ ಮೂತ್ರಕ್ಕೆ ಬೇರೆ ಅರ್ಜೆಂಟ್, ಎದೆ ಡವಡವ. ಆಗ ಒಂದು ಅಭ್ಯಾಸ ಮಾಡ್ಕೊಂಡೆ, ಮೂಗಲ್ಲಿ ನಾಲ್ಕು ಎಣಿಸೋವರ್ಗೂ ಉಸಿರು ಎಳ್ಕೊಳ್ಳೋದು, ಆರು ಎಣಿಸೋವರ್ಗೂ ನಿಧಾನಕ್ಕೆ ಬಿಡೋದು, ಮಧ್ಯದಲ್ಲಿ ಹಿಡ್ಕೊಳ್ಳೋದೇನೂ ಇಲ್ಲ. ಉಸಿರು ಬಿಡೋದು ಉದ್ದ ಆದಷ್ಟೂ ಎದೆಬಡಿತ ನಿಧಾನ ಆಗತ್ತೆ. ಹತ್ತು ಸಲ ಮಾಡೋ ಅಷ್ಟ್ರಲ್ಲಿ ಭುಜ ತಾನಾಗೇ ಕೆಳಗೆ ಇಳೀತಿತ್ತು. ಗಾಡಿ ಮಾತ್ರ ಅಲ್ಲೇ ಇರ್ತಿತ್ತು.

ಶವಾಸನ ಅಂತ ಅಂಗಾತ ಮಲಗ್ತಿದ್ದೆ ಮೊದ್ಲು, ಹೊಟ್ಟೆ ದೊಡ್ಡದಾದ್ಮೇಲೆ ಅದು ಬೇಡ ಅಂದ್ರು, ಗರ್ಭದ ಭಾರ ಹಿಂದಿರೋ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತತ್ತೆ. ಎಡಗಡೆ ಮಗ್ಗುಲು, ಮಂಡಿ ಮಧ್ಯೆ ಒಂದು ದಿಂಬು, ಅದೇ ನನ್ನ ಶವಾಸನ.

ಈಗ ಗ್ರಹಣದ ಕಥೆಗೆ ಬರ್ತೀನಿ, ಇದನ್ನ ಹೇಳೋಕೆ ಅಂತಾನೇ ಬರೆಯೋಕ್ ಕೂತಿದ್ದು. 2025ರ ಸೆಪ್ಟೆಂಬರ್ 7, ಭಾನುವಾರ, ಪೂರ್ಣ ಚಂದ್ರಗ್ರಹಣ. ನನಗೆ ಆರನೇ ತಿಂಗಳು. ಗ್ರಹಣ ಹಿಡಿಯೋದು ರಾತ್ರಿ ಹತ್ತಕ್ಕೆ ಎರಡು ನಿಮಿಷ ಇರುವಾಗ, ಬಿಡೋದು 1:26ಕ್ಕೆ. ಆದ್ರೆ ನಮ್ಮತ್ತೆ ಲೆಕ್ಕದಲ್ಲಿ ವೇಧೆ, ಅಂದ್ರೆ ಏನೂ ತಿನ್ಬಾರ್ದು ಅನ್ನೋ ಹೊತ್ತು, ಒಂಬತ್ತು ಗಂಟೆ ಮುಂಚೇನೇ ಶುರು, ಅಂದ್ರೆ ಮಧ್ಯಾಹ್ನ ಒಂದರಿಂದ. ನೀರಿನ ಬಿಂದಿಗೆ, ಉಪ್ಪಿನಕಾಯಿ ಭರಣಿ, ಕಡೇಗೆ ಫ್ರಿಜ್ಜಿಗೂ ದರ್ಭೆ ಬಿತ್ತು. ಚಾಕು ಮುಟ್ಟಬೇಡ, ಸೂಜಿ ಹಿಡೀಬೇಡ, ಕಿಟಕಿ ಹತ್ರ ಹೋಗ್ಬೇಡ. ನಾನೂ ಹೂಂ ಅಂದೆ, ನಂಬಿಕೆ ಅಂತಲ್ಲ, ನಾಳೆ ಮಗೂಗೆ ಒಂದು ಮಚ್ಚೆ ಇದ್ರೂ ಇದನ್ನೇ ಹೇಳ್ತಾರಲ್ಲ ಅನ್ನೋ ಭಯ. ಸಂಜೆ ಏಳಾಗೋ ಹೊತ್ತಿಗೆ ಕೈ ನಡುಕ, ಒಳಗೆ ಮಗು ಬೇರೆ ಒದೀತಿದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತು, ತಿಪಟೂರಿಗೆ ಅಮ್ಮಂಗೆ ಫೋನ್ ಮಾಡಿದೆ.

ಅಮ್ಮ ಕೇಳಿದ್ದು ಒಂದೇ ಮಾತು. "ಹಸಿವಾಗ್ತಿದೆ ಅಂತ ನಿಮ್ಮತ್ತೆಗೆ ಹೇಳಿದ್ಯಾ?"

ಹೇಳಿರ್ಲಿಲ್ಲ! ನಾನೇ ಊಹೆ ಮಾಡ್ಕೊಂಡು ನಾನೇ ಸಿಟ್ಟು ಮಾಡ್ಕೊಂಡು ಕೂತಿದ್ದೆ. ಹೊರಗೆ ಬಂದು "ಅತ್ತೆ, ತುಂಬಾ ಹಸಿವಾಗ್ತಿದೆ" ಅಂದೆ ಅಷ್ಟೇ, "ಅಯ್ಯೋ ಮಂಕೇ, ಬಸುರಿ, ಬಾಣಂತಿ, ಮಕ್ಳು, ವಯಸ್ಸಾದೋರಿಗೆ ಈ ಉಪವಾಸ ಇಲ್ಲ ಕಣೇ, ನೀನೇ ಬೇಡ ಅಂತ ಕೂತಿದೀಯ ಅನ್ಕೊಂಡೆ" ಅಂತ ಬಿಸಿ ಅನ್ನಕ್ಕೆ ಮೊಸರು ಕಲಸಿ ಒಗ್ಗರಣೆ ಹಾಕಿ ತಂದ್ರು. ತಿಂತಾ ತಿಂತಾ ನಾನು ಇನ್ನೊಂದ್ಸಲ ಅತ್ತುಬಿಟ್ಟೆ.

ಆಮೇಲೆ ನನ್ನ ಊದಿದ ಪಾದ ತೊಡೆ ಮೇಲಿಟ್ಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂತ್ರು. ಕಾಲು ಎಳ್ಕೊಳ್ಳೋಕ್ ಹೋದೆ, ಬಿಡ್ಲಿಲ್ಲ. ಅವರು ನಮ್ಮನೆಯವ್ರನ್ನ ಹೊತ್ತಿದ್ದಾಗಿನ ಕಥೆ ಎಲ್ಲಾ ಹೇಳಿದ್ರು, ಹದಿನಾರು ಜನರ ಮನೆ, ರೊಟ್ಟಿ ಹಂಚಿನ ಮುಂದೆ ಕೂತ್ಕೊಂಡೇ ನೋವು ಶುರು ಆಗಿದ್ದು, ಯಾರಿಗೂ ಹೇಳೋಕೆ ನಾಚಿಕೆ ಆಗಿ ರಾಶಿ ಮುಗಿಸಿಯೇ ಎದ್ದಿದ್ದು. "ನನ್ನನ್ನ ಯಾರೂ ಕೇಳ್ಲಿಲ್ಲ ಕಣಮ್ಮ" ಅಂದ್ರು, ಬೇರೇನೂ ಅನ್ನಲಿಲ್ಲ, ಹಿಮ್ಮಡಿ ಹತ್ರ ಹೆಬ್ಬೆಟ್ಟು ಇನ್ನೂ ಸ್ವಲ್ಪ ಒತ್ತಿ ತಿಕ್ಕಿದ್ರು. ಹನ್ನೊಂದಕ್ಕೆ ಚಂದ್ರ ಪೂರ್ತಿ ಕೆಂಪಗಾದಾಗ ನಾನು ಸೋಫಾ ಮೇಲೆ ಗೊರಕೆ ಹೊಡೀತಿದ್ನಂತೆ. ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೂ ಎಬ್ಬಿಸ್ಲಿಲ್ಲ.

ಅವತ್ತಿಂದ ಒಂಬತ್ತನೇ ತಿಂಗಳವರೆಗೂ ರಾತ್ರಿ ಒಂಬತ್ತೂವರೆಗೆ ಆ ಎಣ್ಣೆ ಬಟ್ಟಲು ಬರ್ತಿತ್ತು, ಹತ್ತೇ ನಿಮಿಷ, ಟಿವಿ ಆಫ್, ಫೋನ್ ಇನ್ನೊಂದು ರೂಮಲ್ಲಿ. ಹಾಗಂತ ಎಲ್ಲಾ ಸರಿ ಹೋಯ್ತು ಅಂತಲ್ಲ. ರಜೆ ವಿಷಯದಲ್ಲಿ ಜಾಣತನ ಮಾಡೋಕ್ ಹೋಗಿ ಕೈ ಸುಟ್ಕೊಂಡೆ, ಕಾನೂನಲ್ಲಿ 26 ವಾರ ಇದೆ, ಅದ್ರಲ್ಲಿ 8 ವಾರದವರೆಗೂ ಹೆರಿಗೆಗೆ ಮುಂಚೆ ತಗೋಬೋದು, ನಾನು ಎಲ್ಲಾ ಮಗೂಗೆ ಅಂತ ಕೂಡಿಟ್ಟು 37 ವಾರದವರೆಗೂ ಲ್ಯಾಪ್‌ಟಾಪ್ ಮುಂದೆ ಬೆನ್ನು ಮುರ್ಕೊಂಡೆ. ಸೀಮಂತಕ್ಕೆ ಬಂದೋರು ಹೊಟ್ಟೆ ಆಕಾರ ನೋಡಿ ಗಂಡೇ ಅಂತ ತೀರ್ಪು ಕೊಟ್ಟು ಹೋದ್ರು. ಹುಟ್ಟಿದ್ದು ಹೆಣ್ಣು.

2026ರ ಮಾರ್ಚ್ 3ಕ್ಕೆ ಮತ್ತೆ ಚಂದ್ರಗ್ರಹಣ ಬಂತು, ನಾನು ತಿಪಟೂರಲ್ಲಿ ಬಾಣಂತನದಲ್ಲಿದ್ದೆ. ಬೆಳಗ್ಗೆ ಹತ್ತಕ್ಕೇ ಅತ್ತೆ ಫೋನು. ದರ್ಭೆ ಹಾಕಿಸ್ದ್ಯಾ ಅಂತ ಕೇಳ್ತಾರೇನೋ ಅನ್ಕೊಂಡು ಎತ್ತಿದೆ.

"ಗ್ರಹಣ ಅಂತ ಹೊಟ್ಟೆ ಕಟ್ಕೊಂಡು ಕೂತೀಯ ಮತ್ತೆ. ಹೊತ್ತೊತ್ತಿಗೆ ತಿನ್ನು. ಹಸಿವಾದ್ರೆ ಬಾಯಿ ಬಿಟ್ಟು ಹೇಳು ನಿಮ್ಮಮ್ಮಂಗೆ."