ಕರುಣ್ ನಾಯರ್‌ನ ಏಳು ಇನ್ನಿಂಗ್ಸ್, ನನ್ನ ಎಕ್ಸೆಲ್ ಶೀಟು

ಭಾನುವಾರ ಸಂಜೆ ನನ್ನ ತಮ್ಮ ಮಂಡಕ್ಕಿ ತಟ್ಟೆ ಹಿಡಿದುಕೊಂಡೇ ಜಗಳಕ್ಕೆ ಬಂದ. "ಅಕ್ಕ, ನೀನೇ ಹೇಳು. 62.33 ಆವರೇಜ್ ಇದ್ದೋನನ್ನ ಎಂಟು ವರ್ಷ ಟೀಮಿಂದ ಆಚೆ ಇಟ್ರಲ್ಲ, ಇದಕ್ಕೆ ಏನನ್ನಬೇಕು?"

ನಮ್ಮ ಕರ್ನಾಟಕದ ಬ್ಯಾಟ್ಸ್‌ಮನ್ ಕರುಣ್ ನಾಯರ್‌ನ ಟೆಸ್ಟ್ ಕ್ರಿಕೆಟ್ ವಿಷಯ. ನಮ್ಮನೆಯಲ್ಲಿ ಇದು ಹಳೇ ಜಗಳ. ನನಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಆದರೆ ಸೊಸೈಟಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು ನಾನು, ಅಂಕಿ ಕಂಡರೆ ಕೈ ಸುಮ್ನೆ ಇರಲ್ಲ. ಲ್ಯಾಪ್‌ಟಾಪ್ ತೆಗೆದು, "ಒಂದೊಂದೇ ಸ್ಕೋರ್ ಹೇಳು" ಅಂದೆ.

ಅವನಿಗೆ ಬಾಯಿಪಾಠ. 2016ರ ಕೊನೆಯಲ್ಲಿ ಇಂಗ್ಲೆಂಡ್ ಮೇಲೆ ಮೊಹಾಲಿ, ಮುಂಬೈ, ಚೆನ್ನೈ: 4, 13, 303. 2017ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಬೆಂಗಳೂರು, ರಾಂಚಿ, ಧರ್ಮಶಾಲಾ: 26, 0, 23, 5. ಅಲ್ಲಿಗೆ ಮುಗಿಯಿತು.

ಒಟ್ಟು 374. ಸರಾಸರಿ ಕೇಳಿದರೆ ಶೀಟು 53.43 ಅಂತು. ತಮ್ಮ ಕೂಗಿದ, "ನಿನ್ನ ಎಕ್ಸೆಲ್ ತಪ್ಪು!"

ತಪ್ಪಲ್ಲ. ಎಕ್ಸೆಲ್ ಏಳರಿಂದ ಭಾಗಿಸುತ್ತೆ. ಕ್ರಿಕೆಟ್‌ನವರು ಔಟಾದ ಸಲ ಮಾತ್ರ ಎಣಿಸುತ್ತಾರೆ. 303 ಹೊಡೆದಾಗ ಅವನು ಔಟಾಗಿರಲಿಲ್ಲ, ಹಾಗಾಗಿ ಆರರಿಂದ ಭಾಗಿಸಿ 62.33. ಆಸ್ಟ್ರೇಲಿಯಾದ ಹಳೇ ಬ್ಯಾಟ್ಸ್‌ಮನ್ ಬ್ರಾಡ್‌ಮನ್‌ನ ಹೆಸರುವಾಸಿ 99.94 ಕೂಡ ಇದೇ ಥರ: 6996 ರನ್, ಆಡಿದ್ದು 80 ಇನ್ನಿಂಗ್ಸ್, ಔಟಾಗಿದ್ದು 70 ಸಲ. ಎಂಬತ್ತರಿಂದಲೇ ಭಾಗಿಸಿದರೆ 87.45. ಬ್ಯಾಟಿಂಗ್ ಆವರೇಜನ್ನು ಸರಾಸರಿ ಅಂದುಕೊಂಡು ಇಷ್ಟು ವರ್ಷ ನಾನೂ ಮೋಸ ಹೋಗಿದ್ದೆ.

ಆಮೇಲೆ ಸ್ಕೋರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟೆ: 0, 4, 5, 13, 23, 26, 303. ಏಳರಲ್ಲಿ ಸರಿಯಾಗಿ ನಡುವೆ ನಿಂತಿದ್ದು ನಾಲ್ಕನೆಯದು, 13. ನಮ್ಮ ಸ್ಕೂಲ್ ಪುಸ್ತಕದ ಮಧ್ಯಾಂಕ ಇದೇ. ಮೂರು ಸ್ಕೋರು ಅದಕ್ಕಿಂತ ಕೆಳಗೆ, ಮೂರು ಮೇಲೆ. ಸರಾಸರಿ 53 ಅಂದೆವಲ್ಲ, ಆ 53ರ ಹತ್ತಿರ ಸುಳಿಯುವ ಇನ್ನಿಂಗ್ಸ್ ಒಂದೂ ಇಲ್ಲ. ಆರು ಸ್ಕೋರು ಅದರ ಅರ್ಧವನ್ನೂ ಮುಟ್ಟಿಲ್ಲ, ಒಂದು ಮಾತ್ರ ಮುಗಿಲಿನಲ್ಲಿದೆ. ತಮ್ಮ ಮಂಡಕ್ಕಿ ಅಗಿಯೋದು ನಿಲ್ಲಿಸಿದ.

ಸ್ಟ್ಯಾಂಡರ್ಡ್ ಡೀವಿಯೇಷನ್ ನೋಡಿದರೆ 110.5. ಸ್ಕೋರುಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಅನ್ನೋದರ ಅಳತೆ ಇದು. 53ರಲ್ಲಿ 110 ಕಳೆದರೆ ಮೈನಸ್ 57 ಬರುತ್ತೆ. ಮೈನಸ್ ರನ್ ಯಾರು ಹೊಡೀತಾರೆ? ಸೊನ್ನೆಗಿಂತ ಕೆಳಗೆ ಇಳಿಯದ ಲೆಕ್ಕದಲ್ಲಿ ಇದು ಸರಾಸರಿಗಿಂತ ಇಷ್ಟು ದೊಡ್ಡದಾಗಿ ಬಂದರೆ ನಾನಂತೂ ಮೊದಲು ಪಟ್ಟಿಯ ತುದಿಗೆ ಹೋಗಿ ಯಾರು ಕೂತಿದ್ದಾರೆ ನೋಡ್ತೀನಿ.

ಚತುರ್ಥಕದ ಹತ್ತಿರ, ಅಂದರೆ ಸಾಲನ್ನು ನಾಲ್ಕು ಪಾಲು ಮಾಡುವ ಅಂಕಿಗಳ ಹತ್ತಿರ, ಒಂದು ತಮಾಷೆ ಆಯಿತು. ಕೈಲೆಕ್ಕದಲ್ಲಿ 13ನ್ನು ಬಿಟ್ಟು, ಕೆಳಗಿನ ಮೂರರ ನಡುವಿನದು 4, ಮೇಲಿನ ಮೂರರ ನಡುವಿನದು 26. ಎಕ್ಸೆಲ್‌ನ ಮಾಮೂಲಿ ಫಾರ್ಮುಲಾ 4.5 ಮತ್ತು 24.5 ಕೊಟ್ಟಿತು. ಎರಡೂ ಸರಿ, ಪದ್ಧತಿ ಬೇರೆ. ಪರೀಕ್ಷೆ ಬರೆಯೋ ಮಕ್ಕಳು ಮೇಷ್ಟ್ರು ಹೇಳಿದ್ದನ್ನೇ ಹಿಡಿದುಕೊಳ್ಳೋದು ಕ್ಷೇಮ. ಕೈಲೆಕ್ಕವನ್ನೇ ಇಟ್ಟುಕೊಂಡರೆ ಎರಡರ ಅಂತರ 22, ಅದರ ಒಂದೂವರೆ ಪಟ್ಟು 33, ಅದನ್ನು 26ಕ್ಕೆ ಸೇರಿಸಿದರೆ 59. ಬೇಲಿ ಅಲ್ಲಿಗೆ; ಅದನ್ನು ದಾಟಿದ ಅಂಕಿ ಉಳಿದವುಗಳ ಗುಂಪಿಗೆ ಸೇರದ್ದು ಅಂತ ಲೆಕ್ಕ. 303 ಬೇಲಿ ಹಾರಿ ಪಕ್ಕದೂರಿಗೇ ಹೋಗಿದೆ.

"ಹಾಗಾದ್ರೆ 303ನ್ನ ತೆಗೆದು ಹಾಕ್ತೀಯಾ?" ತಮ್ಮನಿಗೆ ಸಿಟ್ಟು.

ನಮ್ಮ ಆಫೀಸಿನಲ್ಲಿ ಬೇಲಿ ಹಾರಿದ ಅಂಕಿ ಸಿಕ್ಕರೆ ಮೊದಲು ವೋಚರ್ ತೆಗೆದು ನೋಡ್ತೀವಿ. ಒಂದು ಸಲ ಸದಸ್ಯರೊಬ್ಬರ ಖಾತೆಗೆ 4,500ರ ಬದಲು 45,000 ಬಿದ್ದಿತ್ತು, ಸೊನ್ನೆ ಜಾಸ್ತಿ ಒತ್ತಿದ್ದು ನಾನೇ. ಅಂಥದನ್ನು ತಿದ್ದಬಹುದು. ಚೆನ್ನೈನ ಚೆಪಾಕ್ ಮೈದಾನದ 303ಕ್ಕೆ ವೋಚರ್ ಇದೆ: 381 ಎಸೆತ, ಭಾರತ 7 ವಿಕೆಟ್‌ಗೆ 759. ಅದನ್ನು ಅಳಿಸೋಕೆ ನಾನ್ಯಾರು? ಅದನ್ನು ಬಿಟ್ಟು ಉಳಿದ ಆರರ ಸರಾಸರಿ ಪಕ್ಕದಲ್ಲಿ ಬರೆದುಕೊಂಡೆ, ಅಷ್ಟೆ: 11.83.

ಇನ್ನು 2025, ಅವನು ಟೀಮಿಗೆ ವಾಪಸ್ ಬಂದ ವರ್ಷ. ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್: 0, 20, 31, 26, 40, 14, 57, 17. ಒಟ್ಟು 205, ಸರಾಸರಿ 25.6. ಟಿವಿಯಲ್ಲಿ ಎಲ್ಲರೂ ಫೇಲ್ ಅಂದರು. ಎಂಟು ಸ್ಕೋರು ಇರೋದರಿಂದ ನಡುವಿನ ಎರಡು, 20 ಮತ್ತು 26, ಕೂಡಿಸಿ ಅರ್ಧ ಮಾಡಿದೆ. ಮಧ್ಯಾಂಕ 23. ಡೀವಿಯೇಷನ್ 17.4, ಬೇಲಿ ಹಾರಿದವರು ಯಾರೂ ಇಲ್ಲ.

ನಾನು ಎರಡು ಸಲ ಲೆಕ್ಕ ಹಾಕಿದೆ. ಸರಾಸರಿ 53.4ರಿಂದ 25.6ಕ್ಕೆ ಬಿದ್ದಿದೆ, ಮಧ್ಯಾಂಕ 13ರಿಂದ 23ಕ್ಕೆ ಏರಿದೆ. ಮಾಮೂಲಿ ದಿನದ ಕರುಣ್ ನಾಯರ್ ಮೊದಲಿಗಿಂತ ಚೆನ್ನಾಗಿಯೇ ಆಡಿದ್ದಾನೆ, ಅದೂ ಹೊರದೇಶದಲ್ಲಿ. ಮೊದಲ ಏಳೂ ನಮ್ಮ ನೆಲದವು ಅಲ್ವಾ? ಹಾಗಂತ 23 ಸಾಕು ಅಂತ ಯಾವ ಸೆಲೆಕ್ಟರೂ ಹೇಳಲ್ಲ. ಏಳೆಂಟು ಇನ್ನಿಂಗ್ಸ್ ಇಟ್ಟುಕೊಂಡು ಒಬ್ಬನ ಹಣೆಬರಹ ಬರೆಯೋಕೂ ಆಗಲ್ಲ.

ಹದಿನೈದೂ ಸೇರಿಸಿ ಬಹುಲಕ, ಅಂದರೆ ಅತಿ ಹೆಚ್ಚು ಸಲ ಬಂದ ಸ್ಕೋರು, ತೆಗೆದೆ. 0 ಎರಡು ಸಲ, 26 ಎರಡು ಸಲ. ಇದರಿಂದ ಯಾರಿಗೂ ಏನೂ ತಿಳಿಯಲ್ಲ.

ತಮ್ಮ ತುಂಬ ಹೊತ್ತು ಸ್ಕ್ರೀನ್ ನೋಡುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ, "ಅಕ್ಕ, ದ್ರಾವಿಡ್‌ದು ಹಾಕು" ಅಂದ.

286 ಇನ್ನಿಂಗ್ಸ್. ಊಟ ಆಗಲಿ ಅಂದೆ.